ಹೆಗಲಿನ ಆಣೆ

ಮೂರನೇ ಮಹಡಿಯ ಶಿವಶರಣಪ್ಪ ಬೆಳಗಿನ ಚಹಾ ಕುಡಿಯುತ್ತ ಕುಳಿತಲ್ಲೇ ಹೋಗಿಬಿಟ್ಟ ಎಂಬ ಸುದ್ದಿ ಮೊದಲನೇ ಮಹಡಿಗೆ ಇಳಿದು ಬಂದಾಗ, ಗಂಗೂಬಾಯಿಗೆ ಮೊದಲು ನೆನಪಾದದ್ದು ಸತ್ತವನಲ್ಲ, ತನ್ನ ಗಂಡ. ಹಾಗೆ ನೆನಪಾದದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು. ಆದರೆ ಏನು ಮಾಡುವುದು? ಸತ್ತವನ ಚಿಂತೆ ಮುಗಿದಿತ್ತು, ಇದ್ದವನ ಚಿಂತೆ ಆಗಷ್ಟೇ ಶುರುವಾಗಿತ್ತು. ಅವಳು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಮಲ್ಲಿಕಾರ್ಜುನಪ್ಪ ಅಂಗಿ ಕಳಚಿ, ದಪ್ಪನೆಯ ಟವೆಲೊಂದನ್ನು ನಾಲ್ಕು ಮಡಿಕೆ ಮಾಡಿ ಬಲ ಹೆಗಲಿನ ಮೇಲೆ ಕೂರಿಸಿಕೊಳ್ಳುತ್ತಿದ್ದ.

"ರೀ, ಆ ಟವೆಲ್ ಕೆಳಗ ಇಡ್ರಿ."

"ನೀ ಸುಮ್ನಿರು."

"ಡಾಕ್ಟರು ಏನಂದಾರ, ನೆನಪೈತೋ ಇಲ್ಲೋ? ನೀರಿನ ಬಕೆಟ್ ಸೈತ ಎತ್ತಬ್ಯಾಡ್ರಿ ಅಂದಾರ."

"ಶಿವಶರಣ ಬಕೆಟ್ ಅಲ್ಲ," ಎಂದ ಮಲ್ಲಿಕಾರ್ಜುನಪ್ಪ.

ಹಿಂದಿನ ತಿಂಗಳು ಎದೆ ಹಿಡಿದುಕೊಂಡು ಕುಳಿತವನನ್ನು ಆಟೋದಲ್ಲಿ ಹಾಕಿಕೊಂಡು ಸಿಕಂದರಾಬಾದಿನ ಆಸ್ಪತ್ರೆಗೆ ಒಯ್ದವಳು ಗಂಗೂಬಾಯಿ. ರಕ್ತನಾಳ ಕಟ್ಟಿದೆ, ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಭಾರ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದನ್ನು ಕಿವಿಯಾರೆ ಕೇಳಿದವಳೂ ಅವಳೇ. ಮನೆಗೆ ಬಂದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ, ಈ ಮಾತು ಯಾರಿಗೂ, ಮಗ ನಿಶಾಂತನಿಗೂ ಹೇಳಕೂಡದು ಎಂದು ರಜೆಗೆ ಬಂದಿದ್ದ ಮೊಮ್ಮಗಳ ತಲೆಯ ಮೇಲೆ ಕೈ ಇಡಿಸಿ ಹೆಂಡತಿಯಿಂದ ಆಣೆ ಹಾಕಿಸಿಕೊಂಡದ್ದು. ಮಾತ್ರೆ ತೆಗೆದುಕೊಳ್ಳುವುದನ್ನು ಮರೆತರೂ ಆಣೆ ಹಾಕಿಸುವುದನ್ನು ಮರೆಯದ ಜಾತಿ ಗಂಡಸರದು.

ಮುಚ್ಚಿಡುವಂಥ ರೋಗ ಅದಲ್ಲ. ಆದರೆ ಮಲ್ಲಿಕಾರ್ಜುನಪ್ಪನಿಗೆ ತನ್ನ ಬಾಯೇ ಉರುಳಾಗಿತ್ತು. ಮಲ್ಕಾಜ್‌ಗಿರಿಯ ಆ ಕಟ್ಟಡವನ್ನು ರೈಲ್ವೆಯ ಕನ್ನಡದವರು ಸೊಸೈಟಿ ಮಾಡಿಕೊಂಡು ಕಟ್ಟಿಸಿದ್ದರು. ವಾಡಿ, ರಾಯಚೂರು, ಬೀದರ ಕಡೆಯಿಂದ ಬಂದ ಗಾರ್ಡುಗಳು, ಟಿಕೆಟ್ ಕಲೆಕ್ಟರುಗಳು, ಸ್ಟೇಷನ್ ಮಾಸ್ತರರು. ಲಿಫ್ಟ್ ಬೇಕೇ ಎಂದು ಬಿಲ್ಡರ್ ಕೇಳಿದಾಗ ಎಲ್ಲರೂ ನಕ್ಕು ಬೇಡ ಅಂದಿದ್ದರು. ಆಗ ಎಲ್ಲರ ಮೊಣಕಾಲೂ ಹೊಸವು. ಸತ್ತವರಿಗೆ ಹೆಗಲು ಕೊಡುವ ಸಂಘ ಹುಟ್ಟಿದ್ದೂ ಆಗಲೇ. ಯಾರದೋ ತಂದೆ ತೀರಿಕೊಂಡಾಗ ಕರೆತಂದ ಕೂಲಿಯವರು ಕುಡಿದು ಬಂದು, ನಡು ಮೆಟ್ಟಿಲ ಮೇಲೆ ಹೆಣ ಇಳಿಸಿ ಇನ್ನಷ್ಟು ದುಡ್ಡಿಗೆ ಜಗಳ ತೆಗೆದಿದ್ದರು. ಆ ಅವಮಾನ ತಾಳದೆ ಮಲ್ಲಿಕಾರ್ಜುನಪ್ಪ ಎಲ್ಲರನ್ನೂ ಕೂಡಿಸಿ, ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸಿದ್ದ. ನಮ್ಮವರ ಹೆಣಕ್ಕೆ ನಮ್ಮದೇ ಹೆಗಲು, ಕೂಲಿ ಹೆಗಲು ಮುಟ್ಟಿಸಕೂಡದು.

ಮೊದಮೊದಲು ಒಂದು ಹೆಣಕ್ಕೆ ಎಂಟು ಹೆಗಲು ತಯಾರಿರುತ್ತಿದ್ದವು. ಬರಬರುತ್ತ ಒಬ್ಬರಿಗೆ ಸೊಂಟ ಹೋಯಿತು, ಒಬ್ಬರಿಗೆ ಕಣ್ಣು ಹೋಯಿತು, ಹಲವರು ತಾವೇ ಹೆಗಲೇರಿ ಹೋದರು. ಹೊರಲಾರೆ ಎಂದವರಿಗೆ ಮಲ್ಲಿಕಾರ್ಜುನಪ್ಪ ಒಂದು ಹೆಸರಿಟ್ಟಿದ್ದ: ಕಂಡಮ್ ವ್ಯಾಗನ್. ಕೆಲಸಕ್ಕೆ ಬಾರದೆಂದು ರೈಲ್ವೆ ಮೂಲೆಗೆ ತಳ್ಳಿದ ಡಬ್ಬಿ. ಮೊಣಕಾಲು ಹಿಡಿದು ಕುಳಿತ ಸುಬ್ಬಣ್ಣನಿಗಂತೂ ಸಿಕ್ಕಾಗಲೆಲ್ಲ, "ಏನಪಾ ಕಂಡಮ್ಮು, ಶೆಡ್‌ನ್ಯಾಗ ಆರಾಮೇನು?" ಎಂದು ನಾಲ್ಕು ಜನರ ಮುಂದೆ ಕೇಳುತ್ತಿದ್ದ. ಅಂಥವನು ಇವತ್ತು ನಾನೂ ಕಂಡಮ್ ಎಂದು ಹೇಗೆ ಹೇಳಿಯಾನು? ಜೀವ ಹೋದರೂ ಸರಿ, ಹೇಳಲಿಕ್ಕಿಲ್ಲ ಎಂಬುದು ಗಂಗೂಬಾಯಿಗೆ ಗೊತ್ತಿತ್ತು. ಅವಳ ಭಯವೇ ಅದು.

ಸೆರಗಿನ ತುದಿಗೆ ನಾಲಿಗೆ ಕೆಳಗಿಡುವ ಗುಳಿಗೆಗಳನ್ನು ಗಂಟು ಹಾಕಿಕೊಂಡು ಅವಳೂ ಮೇಲೆ ಹತ್ತಿದಳು. ಶಿವಶರಣಪ್ಪನ ಹೆಂಡತಿ ಮಂದಾಕಿನಿ ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಮಕ್ಕಳಿಲ್ಲದ ಜೋಡಿ ಅದು. ಗಂಗೂಬಾಯಿಗಿಂತ ಚಿಕ್ಕವಳು ಮಂದಾಕಿನಿ, ಇಡೀ ಕಟ್ಟಡದಲ್ಲಿ ಬಗ್ಗಿ ರಂಗೋಲಿ ಹಾಕಬಲ್ಲವಳು ಈಗ ಅವಳೊಬ್ಬಳೇ. ಗಂಗೂಬಾಯಿಯನ್ನು ನೋಡಿ, "ಅಕ್ಕಾರ, ಚಹಾ ಅರ್ಧ ಕಪ್ ಹಂಗ ಉಳದೈತ್ರಿ," ಎಂದಳು. ಗಂಗೂಬಾಯಿ ಅವಳ ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು. ಕಿವಿ ಮಾತ್ರ ಹೊರಗಿನ ಗಂಡಸರ ಮಾತಿನ ಕಡೆಗಿತ್ತು.

ಹೊರಗೆ ಲೆಕ್ಕ ಕೂಡುತ್ತಿರಲಿಲ್ಲ. ಹೊರಬಲ್ಲೆ ಎಂದವರು ಮೂವರೇ: ಮಲ್ಲಿಕಾರ್ಜುನಪ್ಪ, ಶಿವಾನಂದ, ಮತ್ತೆ ಸಕ್ಕರೆ ಕಾಯಿಲೆಯ ಕಾಲಿಗೆ ಬಟ್ಟೆ ಸುತ್ತಿಕೊಂಡ ಕಾಶಿನಾಥ. ಮಕ್ಕಳು ಮೊಮ್ಮಕ್ಕಳು ಇಲ್ಲದ ಮನೆಗಳಲ್ಲ ಅವು. ಎಲ್ಲರೂ ಇದೇ ಊರಲ್ಲಿ ಇದ್ದರು, ಆದರೆ ಊರಿನ ಆ ತುದಿಯಲ್ಲಿ. ಮಾಧಾಪುರ, ಗಚ್ಚಿಬೌಲಿ ಕಡೆ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಏಳಿಸುತ್ತಿದ್ದ ಕಾಲ. ಇಲ್ಲಿಂದ ದಿನಾ ಓಡಾಡುವುದು ಆಗದು ಎಂದು ಹುಡುಗರೆಲ್ಲ ಅಲ್ಲಿಯೇ ಬಾಡಿಗೆ ಮನೆ ಹಿಡಿದಿದ್ದರು. ಗಂಗೂಬಾಯಿ ಬಾಲ್ಕನಿಗೆ ಹೋಗಿ ನಿಶಾಂತನಿಗೆ ಫೋನ್ ಹಚ್ಚಿದಳು.

"ಅವ್ವಾ, ಇವತ್ತು ಸಾಫ್ಟ್‌ವೇರ್ ರಿಲೀಸ್ ಐತಿ. ಎದ್ದು ಹೊಂಟ್ರ ನೌಕರಿನೇ ಹೋಗ್ತೈತಿ. ಸಂಜಿ ಏಳಕ್ಕ ಬಂದ್ರ ನಡೀತೈತೇನು?"

"ಹೊತ್ತು ಮುಳುಗೂದ್ರಾಗ ಮಣ್ಣು ಕೊಡಬೇಕಪಾ. ಬಿಸಲು ನೋಡೀಯಿಲ್ಲೋ, ಇಡಾಕ ಬರಂಗಿಲ್ಲ."

"ಮತ್ತ ಅಪ್ಪ ಅದಾನಲ್ಲ, ಅವನ ಸಂಘ ಐತೆಲ್ಲ?"

ಗಂಗೂಬಾಯಿಯ ಬಾಯಿ ತೆರೆಯಿತು. ಮೊಮ್ಮಗಳ ತಲೆಯ ಮೇಲಿಟ್ಟ ಕೈ ನೆನಪಾಯಿತು. "ಹ್ಞೂಂ, ಐತಿ," ಎಂದು ಫೋನ್ ಇಟ್ಟಳು. ಇಟ್ಟ ಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಒಂದು ಮಾತು ಹೇಳಿದ್ದರೆ ಮಗ ನೌಕರಿ ಬಿಟ್ಟಾದರೂ ಓಡಿ ಬರುತ್ತಿದ್ದ. ಹೇಳಿದ ಮೇಲೆ ಆ ಮಗುವಿಗೆ ಸಣ್ಣ ಜ್ವರ ಬಂದರೂ ತಾನು ಜೀವಮಾನವಿಡೀ ಬೇಯಬೇಕಾಗುತ್ತಿತ್ತು. ಆಣೆ ಎಂಬುದು ನಂಬದವರಿಗೆ ಬರೀ ಮಾತು, ನಂಬಿದವರಿಗೆ ಬಾಯಿಗೆ ಹಾಕಿದ ಹೊಲಿಗೆ.

ಬಾಲ್ಕನಿಯ ಎದುರಿಗೇ ಹೊಸ ಅಪಾರ್ಟ್‌ಮೆಂಟಿನ ಕೆಲಸ ನಡೆದಿತ್ತು. ಯಾದಗಿರಿ ಕಡೆಯ ಹುಡುಗರು ಸಿಮೆಂಟಿನ ಬುಟ್ಟಿ ಹೊತ್ತು ಏಣಿ ಹತ್ತುತ್ತಿದ್ದರು. ಅವರ ಹೆಗಲು ನೋಡುತ್ತಲೇ ಗಂಗೂಬಾಯಿ ಮೆಟ್ಟಿಲಿಳಿದು, ರಸ್ತೆ ದಾಟಿ ಅವರ ಮುಂದೆ ನಿಂತಳು. ದಿನಾ ಬೆಳಿಗ್ಗೆ ಇವರ ನಲ್ಲಿಯಲ್ಲಿ ಕುಡಿಯುವ ನೀರು ತುಂಬಿಕೊಂಡು ಹೋಗುವ ಹುಲಗೇಶ ಅವರಲ್ಲಿ ದೊಡ್ಡವನು.

"ಯಪ್ಪಾ ಹುಲಗೇಶ, ಶಿವಶರಣಪ್ಪನವ್ರು ಹೋಗಿಬಿಟ್ರು. ಇಳಸಾಕ ಮಂದಿ ಇಲ್ಲ."

ಹುಲಗೇಶ ಬುಟ್ಟಿ ಕೆಳಗಿಟ್ಟ. "ಯಾರು, ಬಾಲ್ಕನ್ಯಾಗಿನ ಮುತ್ಯಾನ? ಊರಾಗ ಮಳಿ ಆತೇನು ಅಂತ ದಿನಾ ಕೇಳ್ತಿದ್ನಲ್ರಿ ಯವ್ವಾ! ನಡೀರಿ, ಬರ್ತೀವಿ."

ಅವನೂ ಇನ್ನು ಮೂವರೂ ಕೈಕಾಲು ತೊಳೆದುಕೊಂಡು ಬಂದು ಕೆಳಗಿನ ಮೆಟ್ಟಿಲ ಬಳಿ ನಿಂತರು. ಮಲ್ಲಿಕಾರ್ಜುನಪ್ಪ ಬಿದಿರು ಇಸಿದುಕೊಳ್ಳಲೆಂದು ಕೆಳಗೆ ಬಂದವನು ಅವರನ್ನು ನೋಡಿ ನಿಂತ.

"ಇವರನ್ನ ಯಾರು ಕರದ್ರು?"

"ನಾನ ಕರದೇನ್ರಿ," ಎಂದಳು ಗಂಗೂಬಾಯಿ.

"ಕೂಲಿ ಹೆಗಲು ಮುಟ್ಟಸಂಗಿಲ್ಲ ಅಂತ ಲಿಂಗ ಮುಟ್ಟಿ ಹೇಳಿದ ಮನಶ್ಯಾ ಶಿವಶರಣ. ಇವತ್ತು ಅಂವಗ ಬಾಯಿಲ್ಲ ಅಂತ ನಾ ಮಾತು ಮುರೀಲೇನು?"

"ನಾವು ಕೂಲಿ ಕೇಳಿಲ್ರಿ ಅಪ್ಪಾರ," ಎಂದ ಹುಲಗೇಶ.

"ಕೇಳದಿದ್ರೇನು? ಹೋಗ್ರಿ, ನಿಮ್ಮ ಕೆಲಸ ನೋಡ್ಕೋರಿ."

ಕೂಲಿ ಎಂಬ ಆ ಮಾತಿನ ಒಳಗೆ ಇನ್ನೊಂದು ಮಾತು ಅಡಗಿ ಕುಳಿತಿದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಹುಲಗೇಶನಿಗೂ. ಜಾತಿ ಇಲ್ಲ, ಭೇದ ಇಲ್ಲ ಎಂದು ಸೋಮವಾರ ಸೋಮವಾರ ತಾಳ ಹಾಕಿ ಭಜನೆ ಮಾಡುವವರು ಅದನ್ನು ಬಾಯಿಬಿಟ್ಟು ಆಡುವುದಾದರೂ ಹೇಗೆ? ಗಂಗೂಬಾಯಿಗೆ ಮೈಯೆಲ್ಲ ಉರಿಯಿತು. ಹುಡುಗರು ತಲೆ ತಗ್ಗಿಸಿ ಗೇಟಿನ ಕಡೆ ಹೋದರು. ಆದರೆ ಕೆಲಸಕ್ಕೆ ವಾಪಸು ಹೋಗಲಿಲ್ಲ, ಗೇಟಿನ ನೆರಳಿನಲ್ಲಿ ನಿಂತುಕೊಂಡರು.

ಕೊನೆಗೆ ನಾಲ್ಕನೆಯ ಹೆಗಲಾಗಿ ಸುಬ್ಬಣ್ಣನನ್ನೇ ಎಬ್ಬಿಸಿದರು. "ಕಂಡಮ್ ಗಾಡಿ ಮತ್ತ ಲೈನಿಗೆ ಬಂತು ನೋಡ್ರಿ," ಎಂದು ಸುಬ್ಬಣ್ಣ ತಾನೇ ಹೇಳಿಕೊಂಡು ನಕ್ಕ.

ಇಷ್ಟಕ್ಕೆ ಮುಗಿದಿದ್ದರೂ ಆಗುತ್ತಿತ್ತು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಬಿದಿರಿನ ಆಸನ ಮಾಡಿ, ಮೇಲೆ ಹೂವಿನ ಕಮಾನು ಕಟ್ಟಿ, ಎರಡು ಉದ್ದನೆಯ ಬಿದಿರಿನ ಮೇಲೆ ಹೊರುವ ಆ ಪಲ್ಲಕ್ಕಿಗೆ ವಿಮಾನ ಎನ್ನುತ್ತಾರೆ. "ವಿಮಾನ ಕೆಳಗ ಅಂಗಳದಾಗ ಕಟ್ಟೋಣ, ಅಲ್ಲೀತನಕ ಕುರ್ಚಿ ಮ್ಯಾಲ ಇಳಸಿದ್ರಾತು," ಎಂದು ಕಾಶಿನಾಥ ಹೇಳಿದ. ಬುದ್ಧಿ ಇದ್ದವರ ಮಾತು ಅದು. ಮಲ್ಲಿಕಾರ್ಜುನಪ್ಪ ಒಪ್ಪಲಿಲ್ಲ. ಹಿಂದಿನವರೆಲ್ಲ ಹೊಸ್ತಿಲು ದಾಟುವಾಗಲೇ ವಿಮಾನದಲ್ಲಿ ದಾಟಿದ್ದಾರೆ, ಶಿವಶರಣನೇನು ಅವರಿಗಿಂತ ಕಡಿಮೆಯೇ? ಹಿಂದಿನವರನ್ನು ಹೊತ್ತಾಗ ಎಂಟು ಹೆಗಲಿದ್ದವು, ಆ ಹೆಗಲಿಗೆ ವಯಸ್ಸಿತ್ತು ಎಂಬುದನ್ನು ಅವನಿಗೆ ಯಾರೂ ನೆನಪಿಸಲಿಲ್ಲ. ನೆನಪಿಸಿದರೆ ತಾವೂ ಮುದುಕರಾದೆವು ಎಂದು ಒಪ್ಪಿಕೊಂಡಂತೆ. ಹೀಗೆ ಮೂರನೇ ಮಹಡಿಯ ನಡುಮನೆಯಲ್ಲೇ ವಿಮಾನ ಸಿಂಗಾರವಾಯಿತು.

ಅಯ್ಯನವರು ಮಂತ್ರ ಹೇಳಿ ಮುಗಿಸಿದರು. ನಾಲ್ವರೂ ಬಗ್ಗಿ ಬಿದಿರಿಗೆ ಹೆಗಲು ಕೊಟ್ಟರು. ಮುಂದೆ ಮಲ್ಲಿಕಾರ್ಜುನಪ್ಪ, ಶಿವಾನಂದ. ಹಿಂದೆ ಕಾಶಿನಾಥ, ಸುಬ್ಬಣ್ಣ. ಮೆಟ್ಟಿಲಿಳಿಯುವಾಗ ಭಾರವೆಲ್ಲ ಮುಂದಿನವರ ಮೇಲೆ ಬೀಳುತ್ತದೆಂದು ಗೊತ್ತಿದ್ದೇ ಅವನು ಮುಂದೆ ನಿಂತಿದ್ದ. ಗಂಗೂಬಾಯಿ ಯಾರ ಮಾತೂ ಕೇಳದೆ ಅವನಿಗಿಂತ ಒಂದು ಮೆಟ್ಟಿಲು ಕೆಳಗೆ, ಗೋಡೆಗೆ ಅಂಟಿಕೊಂಡು ಹಿಂದುಹಿಂದಕ್ಕೆ ಇಳಿಯತೊಡಗಿದಳು. ಹಾಗೆ ಇಳಿದರೆ ಅವನ ಮುಖ ಕಾಣುತ್ತಿತ್ತು.

ಎರಡನೇ ಮಹಡಿಯವರೆಗೆ ಮುಖ ಕೆಂಪಗೆ ಇತ್ತು. ಕೆಂಪಗಿದ್ದರೆ ಪರವಾಗಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದರ ಕೆಳಗಿನ ತಿರುವಿನಲ್ಲಿ ಹೂವಿನ ಕಮಾನು ಮೇಲಿನ ಸ್ಲ್ಯಾಬಿಗೆ ತಗುಲಿ ವಿಮಾನ ಸಿಕ್ಕಿಕೊಂಡಿತು. ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. "ಹೆಗಲಿಂದ ಇಳಸ್ರಿ, ಟೊಂಕದ ಮಟ ಹಿಡೀರಿ," ಎಂದು ಅಯ್ಯನವರು ಮೇಲಿಂದ ಕೂಗಿದರು. ನಾಲ್ವರೂ ಬಿದಿರನ್ನು ಹೆಗಲಿಂದ ಕೈಗೆ ಇಳಿಸಿದರು. ಸುಬ್ಬಣ್ಣನ ಮೊಣಕಾಲು ಲಟಕ್ಕೆಂದ ಸದ್ದು ಎಲ್ಲರಿಗೂ ಕೇಳಿಸಿತು. ವಿಮಾನ ವಾಲಿತು. ಒಳಗೆ ಕುಳಿತ ಶಿವಶರಣಪ್ಪನ ತಲೆ ಕಟ್ಟಿದ ಬಟ್ಟೆಯಲ್ಲೇ ಒಂದು ಕಡೆಗೆ ಜೋಲಿತು. ಮೇಲಿನ ಮೆಟ್ಟಿಲ ಮೇಲೆ ನಿಂತ ಮಂದಾಕಿನಿ, "ಅಯ್ಯಯ್ಯೋ, ಹುಷಾರ್ರಿ!" ಎಂದು ಚೀರಿದಳು, ಗಂಡನಿಗೆ ಪೆಟ್ಟಾದೀತು ಎಂಬಂತೆ.

ತಿರುವು ದಾಟಿತು. ಈಗ ಮತ್ತೆ ಹೆಗಲಿಗೆ ಎತ್ತಬೇಕು. ಮಲ್ಲಿಕಾರ್ಜುನಪ್ಪ ಎತ್ತಿದ. ಎತ್ತುವಾಗ ಅವನ ಬಾಯಿಂದ ಸದ್ದು ಬರಲಿಲ್ಲ, ಅದೇ ಗಂಗೂಬಾಯಿಯ ಜೀವ ಹಿಂಡಿತು. ಹೊರುವ ಗಂಡಸು ಹ್ಞಾಂ ಎನ್ನಬೇಕು, ಶಿವ ಎನ್ನಬೇಕು. ಇವನ ಬಾಯಿ ಬರಿದೇ ತೆರೆದುಕೊಂಡು ನಿಂತಿತು. ಮುಖದ ಕೆಂಪೆಲ್ಲ ಇಳಿದು ಬೂದಿಯ ಬಣ್ಣ ಬಂತು. ಹಣೆಯ ಬೆವರು ವಿಭೂತಿಯನ್ನು ತೊಳೆದು ಹುಬ್ಬಿಗೆ ಇಳಿಸಿತು. ಎಡಗೈ ಬೆರಳು ತೆರೆದು ಮುಚ್ಚಿ, ತೆರೆದು ಮುಚ್ಚಿ ಏನನ್ನೋ ಹುಡುಕತೊಡಗಿತು. ಹಿಂದಿನ ತಿಂಗಳು ಆಟೋದಲ್ಲಿ ಆ ಕೈ ಹೀಗೆಯೇ ಮಾಡಿತ್ತು.

ನಿಲ್ಲಿಸಿರಿ, ಇವರ ಎದೆ ಸರಿಯಿಲ್ಲ ಎಂದು ಕೂಗಿದರೆ ಸಾಕಿತ್ತು. ಅವನೂ ಅವಳ ಕಣ್ಣಿನಲ್ಲಿ ಅದನ್ನು ಓದಿದನೇನೋ, ಬೂದಿ ಮುಖದಲ್ಲೇ ತಲೆಯನ್ನು ಒಂದಿಷ್ಟು ಅಲ್ಲಾಡಿಸಿದ. ಬೇಡ ಎಂದ.

ಗಂಗೂಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೇಲಿನ ಮೆಟ್ಟಿಲೇರಿ, ಗೋಡೆಗೂ ಅವನಿಗೂ ನಡುವೆ ನುಗ್ಗಿ, ಬಿದಿರಿನ ಕೆಳಗೆ ತನ್ನ ಹೆಗಲು ಕೊಟ್ಟಳು.

"ಏನ್ ಮಾಡಾಕತ್ತೀ?" ಅವನ ದನಿ ಹಲ್ಲಿನ ನಡುವಿಂದ ಬಂತು. "ಹೆಣ್ಣುಮಕ್ಕಳು ಹೆಗಲು... ಸರಿ ಅತ್ತಾಗ!"

"ಹೇಳಂಗಿಲ್ಲ ಅಂತ ಆಣಿ ಮಾಡೀನಿ," ಎಂದಳು ಅವಳು ಅವನಿಗಷ್ಟೇ ಕೇಳುವಂತೆ. "ಹೊರಂಗಿಲ್ಲ ಅಂತ ಮಾಡಿಲ್ಲ. ನೀವು ಬಿಡ್ರಿ."

ಅವನು ಬಿಡಲಿಲ್ಲ, ಬಿಟ್ಟುಹೋಯಿತು. ಕಾಲು ಮಡಚಿಕೊಂಡು ಅವಳ ಮುಂದಿನ ಮೆಟ್ಟಿಲ ಮೇಲೆ ಕುಸಿದು ಕುಳಿತ. ಆ ಮೂಲೆಯ ಭಾರವೆಲ್ಲ ಒಮ್ಮೆಗೇ ಗಂಗೂಬಾಯಿಯ ಮೇಲೆ ಬಂದು ಕಣ್ಣಿಗೆ ಕತ್ತಲೆ ಕಟ್ಟಿತು. ಇಷ್ಟು ವರ್ಷ ಗಂಡಸರು ಹೊರುವುದನ್ನು ದೂರದಿಂದ ನೋಡಿದ್ದಳು, ಸತ್ತವರು ಇಷ್ಟು ಭಾರವೆಂದು ಗೊತ್ತಿರಲಿಲ್ಲ. ಒಂದು ಹೆಜ್ಜೆ ತಪ್ಪಿದರೆ ವಿಮಾನವೂ ಶಿವಶರಣಪ್ಪನೂ ಕೆಳಗೆ ಕುಳಿತ ಗಂಡನ ಮೇಲೆಯೇ ಉರುಳುತ್ತಿದ್ದವು.

"ಹುಲಗೇಶಾ!" ಎಂದು ಅವಳು ಕಟ್ಟಡವೆಲ್ಲ ಕೇಳುವಂತೆ ಕೂಗಿದಳು. "ಓಡಿ ಬಾರೋ ಯಪ್ಪಾ!"

ಮೆಟ್ಟಿಲ ಮೇಲೆ ದಡದಡ ಕಾಲು ಸದ್ದು ಕೇಳಿತು. ಅವಳ ಹೆಗಲ ಪಕ್ಕ ಇನ್ನೊಂದು ಹೆಗಲು ಬಂತು, ಸಿಮೆಂಟಿನ ವಾಸನೆಯ ಹೆಗಲು, ಮರುಗಳಿಗೆಗೆ ಭಾರ ಹಗುರಾಯಿತು. ಶಿವಾನಂದ ತಾನಾಗಿಯೇ ಪಕ್ಕಕ್ಕೆ ಸರಿದ. ಕಾಶಿನಾಥ ಸರಿದ. ಸುಬ್ಬಣ್ಣ ಸರಿಯುವುದಿರಲಿ, ಬಿದಿರು ಬಿಟ್ಟವನೇ ಮೆಟ್ಟಿಲ ಮೇಲೆ ಕುಳಿತು ಮೊಣಕಾಲು ಹಿಡಿದುಕೊಂಡ. ಯಾರೂ ಕೂಲಿಯ ಮಾತಾಡಲಿಲ್ಲ, ಆಣೆಯ ಮಾತೂ ಆಡಲಿಲ್ಲ. ನಾಲ್ಕು ಹುಡುಗರು ವಿಮಾನವನ್ನು ಹೂವಿನಂತೆ ಇಳಿಸಿಕೊಂಡು ಹೋದರು.

ಗಂಗೂಬಾಯಿ ಸೆರಗಿನ ಗಂಟು ಬಿಚ್ಚಿ ಗಂಡನ ನಾಲಿಗೆ ಕೆಳಗೆ ಗುಳಿಗೆ ಇಟ್ಟಳು. ಕಾಶಿನಾಥ ಅದನ್ನು ನೋಡಿದ, ಶಿವಾನಂದನೂ ನೋಡಿದ. ಕೇಳುವುದಕ್ಕೇನೂ ಉಳಿಯಲಿಲ್ಲ. ಸುಬ್ಬಣ್ಣ ಕುಂಡೆ ಎಳೆದುಕೊಂಡು ಬಂದು ಮಲ್ಲಿಕಾರ್ಜುನಪ್ಪನ ಪಕ್ಕ ಕುಳಿತ. ಹಳೆಯ ಮಾತಿಗೆ ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತು ಅವನಿಗೆ ಸಿಗುತ್ತಿರಲಿಲ್ಲ. ಅವನು ಟವೆಲಿನಿಂದ ಗೆಳೆಯನ ಹಣೆ ಒರೆಸಿ, "ಉಸರು ಹಾಕೋ ಮಲ್ಲೂ," ಎಂದಷ್ಟೇ ಹೇಳಿದ. ಮಲ್ಲಿಕಾರ್ಜುನಪ್ಪನ ಕಣ್ಣಿನಿಂದ ನೀರು ಇಳಿಯಿತು.

ಗುಳಿಗೆ ಜೀವ ಹಿಡಿಯಿತು, ಕಾಲು ಹಿಡಿಯಲಿಲ್ಲ. ಎದ್ದು ನಿಲ್ಲಲು ಹೋದವನು ಮತ್ತೆ ಕುಸಿದ. ಆಸ್ಪತ್ರೆಗೆ ಒಯ್ಯಬೇಕು, ಒಯ್ಯಬೇಕೆಂದರೆ ಕೆಳಗೆ ಇಳಿಸಬೇಕು. ವಿಮಾನವನ್ನು ಗೇಟಿನ ಬಳಿ ಬಂದು ನಿಂತಿದ್ದ ಶವದ ಗಾಡಿಯಲ್ಲಿ ಇರಿಸಿ ಹುಡುಗರು ವಾಪಸು ಬಂದರು. ಹುಲಗೇಶ ಯಾರನ್ನೂ ಕೇಳದೆ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಮಲ್ಲಿಕಾರ್ಜುನಪ್ಪನನ್ನು ಅದರಲ್ಲಿ ಕೂರಿಸಿದ. "ನನ್ನ ಕೊರಳಿಗೆ ಕೈ ಹಾಕ್ರಿ ಅಪ್ಪಾರ, ಗಟ್ಟಿ ಹಿಡ್ಕೋರಿ." ಮಲ್ಲಿಕಾರ್ಜುನಪ್ಪ ಅವನ ಮುಖ ನೋಡಿದ. ಆಮೇಲೆ ಸಣ್ಣ ಮಕ್ಕಳ ಹಾಗೆ ಎರಡೂ ಕೈಯಿಂದ ಹುಲಗೇಶನ ಕೊರಳು ತಬ್ಬಿಕೊಂಡ. ನಾಲ್ವರು ಹೊರುವವರ ನಡುವೆ, ಕುಳಿತ ಭಂಗಿಯಲ್ಲೇ, ಕಣ್ಣು ಬಿಟ್ಟುಕೊಂಡು ಅವನು ಮೆಟ್ಟಿಲಿಳಿದ. ಗಂಗೂಬಾಯಿ ಅವನ ಪಾದ ಹಿಡಿದುಕೊಂಡೇ ಜೊತೆಗೆ ಇಳಿದಳು. ಬಿಸಿ ಇರುವ ಪಾದ, ಅವಳಿಗೆ ಬೇಕಾದದ್ದು ಅಷ್ಟೇ.

ಅಂಗಳದಲ್ಲಿ ಶವದ ಗಾಡಿಯ ಪಕ್ಕ ಮಂದಾಕಿನಿ ನಿಂತಿದ್ದಳು. ಕಟ್ಟಡದ ಹೆಂಗಸರೆಲ್ಲ ಅಲ್ಲಿಯೇ ಇದ್ದರು, ಬಹಳಷ್ಟು ಜನ ಗಂಡಂದಿರನ್ನು ಅದೇ ಮೆಟ್ಟಿಲಿಂದ ಕಳಿಸಿ ಉಳಿದವರು. ಹೆಂಗಸರೇ ಹಿಂದೆ ಉಳಿಯುವುದು, ಸಂಘದವರು ಅದನ್ನೆಂದೂ ಗಮನಿಸಿರಲಿಲ್ಲ. ಮಲ್ಲಿಕಾರ್ಜುನಪ್ಪನ ಕುರ್ಚಿ ಶಿವಾನಂದ ಕರೆತಂದ ಆಟೋದ ಪಕ್ಕ ಇಳಿಯಿತು. ಮಂದಾಕಿನಿ ಅವನ ಮುಂದೆ ಬಂದು ನಿಂತಳು.

"ಅಣ್ಣಾರ, ಅವರಿಗೆ ನೀವೆಲ್ಲಾ ಇದ್ರಿ, ಹ್ಯಾಂಗೋ ಇಳದ್ರು. ನಿಮಗೂ ಹೆಗಲು ಸಿಕ್ತು. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನಗ ಯಾರು?"

ಹೀಯಾಳಿಸಿ ಕೇಳಿದ ಮಾತಾಗಿರಲಿಲ್ಲ ಅದು. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಷ್ಟು ಸರಳವಾಗಿ ಕೇಳಿದಳು. ಮಲ್ಲಿಕಾರ್ಜುನಪ್ಪ ಮೆಲ್ಲಗೆ ಕೈ ಎತ್ತಿ ಹುಲಗೇಶನನ್ನು ತೋರಿಸಿದ.

ಹುಲಗೇಶ ಮುಂಗೈಯಿಂದ ಮುಖ ಒರೆಸಿಕೊಂಡ. "ನಾವು ಅದೀವಲ್ರಿ ಯವ್ವಾ. ಯಾವತ್ತು ಕರದ್ರೂ ಬರ್ತೀವಿ."

"ಇಲ್ಲೇ ಇರ್ತೀರೇನಪಾ?"

"ಈ ಬಿಲ್ಡಿಂಗ್ ಮುಗಿಯೂತನ ಇಲ್ಲೇ ಇರ್ತೀವ್ರಿ. ದೀಪಾವಳಿಗೆ ಮುಗೀತೈತಿ. ಆಮ್ಯಾಲ ಮೇಸ್ತ್ರಿ ಎಲ್ಲಿ ಅಂತಾನೋ ಅಲ್ಲಿ."

ಮಂದಾಕಿನಿ ತಲೆಯಾಡಿಸಿದಳು. ಎದುರಿನ ಅರೆ ಮುಗಿದ ಕಟ್ಟಡವನ್ನು ನೋಡಿದಳು, ತನ್ನ ಎರಡೂ ಕೈ ನೋಡಿಕೊಂಡಳು.

"ದೀಪಾವಳಿ ಒಳಗ ಆಗೂದಿಲ್ಲಪ್ಪಾ," ಎಂದಳು. "ನನಗ ಸಕ್ಕರಿ ಇಲ್ಲ, ಬಿ.ಪಿ. ಇಲ್ಲ. ನಮ್ಮವ್ವ ತೊಂಬತ್ತು ವರ್ಷ ಬದುಕಿದಾಕಿ. ನಾ ಭಾಳ ಗಟ್ಟಿ ಅದೀನಿ," ಎಂದವಳೇ ಗಾಡಿಯ ಬಾಗಿಲಿಗೆ ಹಣೆ ಹಚ್ಚಿ ಅತ್ತಳು.

ಗಂಗೂಬಾಯಿ ಗಂಡನನ್ನು ತಬ್ಬಿಕೊಂಡು ಆಟೋದಲ್ಲಿ ಕುಳಿತಳು. ಇಳಿದು ಹೋಗಿ ಮಂದಾಕಿನಿಗೆ ನಾನಿದ್ದೇನೆ ಎಂದು ಹೇಳಬೇಕೆನಿಸಿತು. ಆದರೆ ಅವಳು ಮಂದಾಕಿನಿಗಿಂತ ದೊಡ್ಡವಳು, ಹೆಗಲು ಆಗಲೇ ಬಾತುಕೊಳ್ಳತೊಡಗಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಜಲ್ದಿ ಹೋಗಪ್ಪ ಎಂದು ಆಟೋದವನಿಗೆ ತೆಲುಗಿನಲ್ಲಿ ಹೇಳಿದಳು.